ಬಾಗಿಲು ತೆರೆದರೆ ಸಾಲದು, ಮೆಟ್ಟಿಲೂ ಬೇಕು

ಮುಂಬಯಿಯ ಬೈಕುಲ್ಲಾ ನಿಲ್ದಾಣದಲ್ಲಿ ಲೋಕಲ್‌ಗೆ ಕಾಯುತ್ತ ನಿಂತವರ ಎದುರಿಗೇ ದೂರದೂರಿನ ರೈಲುಗಳು ನಿಲ್ಲದೆ ಹಾದುಹೋಗುತ್ತವೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಕಲ್ಲಿನ ಕಟ್ಟಡದ ಈ ನಿಲ್ದಾಣ ದೇಶದ ಅತಿ ಹಳೆಯ ನಿಲ್ದಾಣಗಳಲ್ಲೊಂದು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲು ಸಾಗಿದ್ದು ಇದೇ ದಾರಿಯಲ್ಲಿ. ಹಳೆಯ ಕಟ್ಟಡವನ್ನು ಜತನದಿಂದ ದುರಸ್ತಿ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿಯೂ ಬಂತು.

2025ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಹೀಗೆ ಹಾದುಹೋದ ರಾಜಧಾನಿ ಎಕ್ಸ್‌ಪ್ರೆಸ್ಸಿನ ಎಂಜಿನ್‌ನಲ್ಲಿ ಕೂತಿದ್ದವರು ಸುರೇಖಾ ಯಾದವ್. ಇಗತ್‌ಪುರಿಯಿಂದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗಿನ ಆ ಓಟ ಅವರ ಕೊನೆಯ ಡ್ಯೂಟಿ. ತಿಂಗಳ ಕೊನೆಗೆ, ಅರವತ್ತು ತುಂಬಿ, 36 ವರ್ಷಗಳ ಸೇವೆ ಮುಗಿಸಿ ಅವರು ನಿವೃತ್ತರಾದರು. ಏಷ್ಯಾದ ಮೊದಲ ಮಹಿಳಾ ರೈಲು ಚಾಲಕಿ ಎಂದು ಅವರನ್ನು ಪತ್ರಿಕೆಗಳು ಬಹಳ ವರ್ಷಗಳಿಂದ ಕರೆಯುತ್ತ ಬಂದಿವೆ. ನಿವೃತ್ತಿಯ ದಿನದ ಸುದ್ದಿಗಳಲ್ಲೂ ‘ಮೊದಲ’ ಎಂಬ ಮಾತೇ ದೊಡ್ಡದಾಗಿ ಕಾಣಿಸಿತು. ಆದರೆ ಅವರ ಬದುಕಿನಲ್ಲಿ ಹೆಚ್ಚು ಯೋಚಿಸಬೇಕಾದ ಪದ ‘ಮೊದಲ’ ಅಲ್ಲ, ‘ಮೂವತ್ತಾರು’.

ಮೊದಲಿಗರು ಎಲ್ಲ ಕಡೆ ಸಿಗುತ್ತಾರೆ. ಯಾವುದೋ ಇಲಾಖೆಯ ಮೊದಲ ಮಹಿಳೆ, ಯಾವುದೋ ಕಂಪನಿಯ ಮೊದಲ ಅಂಗವಿಕಲ ಎಂಜಿನಿಯರ್, ಊರಿನ ಕೇರಿಯಿಂದ ಬಂದ ಮೊದಲ ಅಧಿಕಾರಿ. ಹೂಗುಚ್ಛ ಕೊಟ್ಟು ಫೋಟೋ ತೆಗೆಸಿಕೊಂಡ ಮೇಲೆ ಅವರಲ್ಲಿ ಎಷ್ಟು ಜನ ಹತ್ತು ವರ್ಷ ಅಲ್ಲೇ ಉಳಿದರು, ಉಳಿದವರು ಯಾವ ಕುರ್ಚಿಗೆ ಏರಿದರು ಎಂದು ಕೇಳುವವರು ಕಡಿಮೆ. ಕೆಲಸದ ಜಾಗ ಎಲ್ಲರನ್ನೂ ಒಳಗೊಳ್ಳುತ್ತದೆಯೇ ಎಂಬುದಕ್ಕೆ ಉತ್ತರ ಸಿಗುವುದು ಸೇರುವ ದಿನದಲ್ಲಲ್ಲ, ಮೂವತ್ತನೆಯ ವರ್ಷದಲ್ಲಿ.

ಒಂದೊಂದೇ ಹುದ್ದೆ

ಸುರೇಖಾ ಹುಟ್ಟಿದ್ದು 1965ರಲ್ಲಿ, ಸಾತಾರಾದ ಒಕ್ಕಲು ಕುಟುಂಬದಲ್ಲಿ. ಕರಾಡದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿದರು. ಶಿಕ್ಷಕಿಯಾಗುವ ಯೋಚನೆಯಿತ್ತು. ಅಷ್ಟರಲ್ಲಿ ರೈಲ್ವೆ ನೇಮಕಾತಿಗೆ ಅರ್ಜಿ ಹಾಕಿ ಆಯ್ಕೆಯಾದರು. ಕಲ್ಯಾಣದ ತರಬೇತಿ ಶಾಲೆಯಲ್ಲಿ ಕಲಿತು 1989ರಲ್ಲಿ ಸಹಾಯಕ ಚಾಲಕಿಯಾದರು. ಮೊದಮೊದಲು ಹತ್ತಿದ್ದು ವಾಡಿ ಬಂದರ್ ಮತ್ತು ಕಲ್ಯಾಣದ ನಡುವೆ ಓಡುವ ಗೂಡ್ಸ್ ಗಾಡಿ. ವಾಡಿ ಬಂದರ್ ಬೈಕುಲ್ಲಾಕ್ಕೆ ದೂರವೇನಲ್ಲ. ಅಂದರೆ ಮೊದಲ ಓಟದಿಂದ ಕೊನೆಯ ಓಟದವರೆಗೆ ಅವರ ಕೆಲಸದ ಬದುಕು ಹೆಚ್ಚುಕಡಿಮೆ ಇದೇ ಹಳಿಗಳ ಮೇಲೆ ಸಾಗಿತು.

ಮುಂದಿನದು ನಿಧಾನದ ಕಥೆ. 1990ರ ದಶಕದ ನಂತರದ ಭಾಗದಲ್ಲಿ ಗೂಡ್ಸ್ ಚಾಲಕಿ. 2000ದಲ್ಲಿ ಮುಂಬಯಿಯ ಲೇಡೀಸ್ ಸ್ಪೆಷಲ್ ಲೋಕಲ್‌ನ ಮೋಟರ್‌ವುಮನ್. 2010ರಲ್ಲಿ ಘಾಟ್ ಚಾಲಕಿ. ಮುಂಬಯಿಯಿಂದ ದಖ್ಖನಿಗೆ ಹತ್ತುವ ಭೋರ್ ಮತ್ತು ಥಳ್ ಘಾಟಿಗಳಲ್ಲಿ ಹಳಿಯ ಏರು 37 ಅಡಿಗೆ ಒಂದು ಅಡಿ. ಗಾಡಿಗೆ ಹಿಂದಿನಿಂದಲೂ ಎಂಜಿನ್ ಕಟ್ಟಿ ನೂಕಬೇಕಾದ ಜಾಗ ಅದು. ಇಳಿಯುವಾಗ ಬ್ರೇಕಿನ ಲೆಕ್ಕ ತಪ್ಪಿದರೆ ಕ್ಷಮೆಯಿಲ್ಲ. ಆ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು. ಅದನ್ನು ಮುಗಿಸಿದ ಮೇಲೆ 2011ರ ಮಾರ್ಚ್ 8ರಂದು ಪುಣೆಯಿಂದ ಮುಂಬಯಿಗೆ ಡೆಕ್ಕನ್ ಕ್ವೀನ್ ಓಡಿಸಿದರು, ಅದೇ ವರ್ಷ ಮೇಲ್-ಎಕ್ಸ್‌ಪ್ರೆಸ್ ಚಾಲಕಿಯಾದರು. ಸಹಾಯಕಿಯಿಂದ ಅಲ್ಲಿಗೆ 22 ವರ್ಷ. 2023ರ ಮಾರ್ಚ್ 13ರಂದು ಸೋಲಾಪುರದಿಂದ ಮುಂಬಯಿಗೆ ವಂದೇ ಭಾರತ್ ತಂದಾಗ ಅವರಿಗೆ 57 ವರ್ಷ. ನಡುವೆ ಕಲ್ಯಾಣದ ಅದೇ ಊರಿನ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಪಾಠ ಹೇಳಿದರು. ಶಿಕ್ಷಕಿಯಾಗುವ ಆಸೆ ಹೀಗೆ ಬೇರೆ ದಾರಿಯಿಂದ ಕೈಗೂಡಿತು.

ಈ ಇಸವಿಗಳ ನಡುವಿನ ಖಾಲಿ ಜಾಗಗಳನ್ನು ಗಮನಿಸಬೇಕು. 1989ರಿಂದ 2000ದವರೆಗೆ ಹನ್ನೊಂದು ವರ್ಷ, 2000ದಿಂದ 2010ರವರೆಗೆ ಹತ್ತು ವರ್ಷ, 2011ರಿಂದ 2023ರವರೆಗೆ ಹನ್ನೆರಡು ವರ್ಷ. ಸುದ್ದಿ ಬಂದದ್ದು ಒಂದೊಂದು ದಿನ. ಉಳಿದ ಸಾವಿರಾರು ದಿನಗಳಲ್ಲಿ ಹೊತ್ತಲ್ಲದ ಹೊತ್ತಿಗೆ ಕರೆ, ಮಳೆಗಾಲದ ಮಂಜಿನಲ್ಲಿ ಸಿಗ್ನಲ್ ಹುಡುಕುವ ಕಣ್ಣು, ಬೇರೆ ಊರಿನ ರನ್ನಿಂಗ್ ರೂಮಿನಲ್ಲಿ ಅರ್ಧ ನಿದ್ದೆ, ಮತ್ತೆ ವಾಪಸು. ಮದುವೆ, ಇಬ್ಬರು ಮಕ್ಕಳು, ಮನೆ ಎಲ್ಲವೂ ಇದರ ನಡುವೆಯೇ. ವೃತ್ತಿಯ ಬೆಳವಣಿಗೆ ಎನ್ನುವುದು ನಡೆಯುವುದು ಆ ಖಾಲಿ ಜಾಗಗಳಲ್ಲಿ.

ಆ ವರ್ಷಗಳಲ್ಲಿ ಅವರನ್ನು ಮುಂದಕ್ಕೆ ಒಯ್ದದ್ದು ಏನು? ಛಲ ಇತ್ತು, ಅನುಮಾನವಿಲ್ಲ. ಆದರೆ ಛಲವಿರುವ ಹೆಣ್ಣುಮಕ್ಕಳು ಈ ದೇಶದಲ್ಲಿ 1989ಕ್ಕಿಂತ ಮೊದಲೂ ಇದ್ದರು. ರೈಲ್ವೆಯಲ್ಲಿ ಛಲದ ಜೊತೆಗೆ ಇನ್ನೊಂದು ವಸ್ತುವಿತ್ತು: ಬರೆದಿಟ್ಟ ಏಣಿ. ಸಹಾಯಕ, ಶಂಟರ್, ಗೂಡ್ಸ್, ಪ್ಯಾಸೆಂಜರ್, ಮೇಲ್. ಯಾವ ಮೆಟ್ಟಿಲಿಗೆ ಯಾವ ತರಬೇತಿ, ಎಷ್ಟು ಅನುಭವ, ಕಣ್ಣಿನ ಪರೀಕ್ಷೆ ಎಷ್ಟು ಕಟ್ಟುನಿಟ್ಟು ಎಂಬುದು ಪುಸ್ತಕದಲ್ಲಿದೆ. ಹೊಸ ಮಾರ್ಗದಲ್ಲಿ ಗಾಡಿ ಓಡಿಸುವ ಮೊದಲು ಆ ದಾರಿಯ ಏರು, ಇಳಿವು, ತಿರುವು, ಸಿಗ್ನಲ್‌ಗಳನ್ನು ಕಲಿಯಲು ಚಾಲಕರಿಗೆ ಪ್ರತ್ಯೇಕ ಓಟಗಳನ್ನು ಕೊಡಲಾಗುತ್ತದೆ. ಕಲಿಸುವ ಖರ್ಚು ಸಂಸ್ಥೆಯದು. ಮೇಲಧಿಕಾರಿಗೆ ಒಬ್ಬಳು ಹೆಂಗಸು ಎಂಜಿನ್ ಹತ್ತುವುದು ಇಷ್ಟವಿರಲಿ, ಇಲ್ಲದಿರಲಿ, ಹಿರಿತನದ ಪಟ್ಟಿಯಲ್ಲಿ ಅವಳ ಸರದಿ ಬಂದೇ ಬರುತ್ತದೆ. ಸರ್ಕಾರಿ ನೌಕರಿಯ ಈ ಜಡ ಪಟ್ಟಿಯನ್ನು ಎಲ್ಲರೂ ಗೇಲಿ ಮಾಡುತ್ತಾರೆ. ಆದರೆ ಯಾರ ಕೃಪೆಯೂ ಇಲ್ಲದೆ ಮೇಲೇರಬೇಕಾದವರಿಗೆ ಆ ಜಡತ್ವವೇ ಆಸರೆ.

ಧಣಿಯ ಒಳ್ಳೆಯತನ

ಮುಂಬಯಿ ಕನ್ನಡಿಗರಿಗೆ ಇದರ ಇನ್ನೊಂದು ಮಾದರಿ ಚೆನ್ನಾಗಿ ಗೊತ್ತು. ಇದೇ ಹಳಿಯ ಮೇಲೆ ಬೈಕುಲ್ಲಾ ದಾಟಿ, ದಾದರ್ ದಾಟಿ ಹೋದರೆ ಮಾಟುಂಗಾ. ಅಲ್ಲಿನ ಉಡುಪಿ ಹೋಟೆಲುಗಳ ಹಿಂದೆ ಕರಾವಳಿಯಿಂದ ಬರಿಗೈಯಲ್ಲಿ ಬಂದ ಸಾವಿರಾರು ಹುಡುಗರ ಕಥೆಯಿದೆ. ಕ್ಲೀನರ್ ಆಗಿ ಸೇರಿ, ಸಪ್ಲೈಯರ್ ಆಗಿ, ಗಲ್ಲಾದಲ್ಲಿ ಕೂತು, ಕೊನೆಗೆ ಪಾಲುದಾರನೋ ಮಾಲೀಕನೋ ಆದವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಮುಂದೆ ಈಗಲೂ ಊಟಕ್ಕೆ ಜನ ಕಾಯುತ್ತಾರೆ.

ಈ ಹುಡುಗರಿಗಾಗಿಯೇ ಮುಂಬಯಿಯಲ್ಲಿ ಕನ್ನಡ ರಾತ್ರಿ ಶಾಲೆಗಳು ಹುಟ್ಟಿದವು. ಹಗಲು ತಟ್ಟೆ ತೊಳೆದ ಕೈ ಸಂಜೆ ಸ್ಲೇಟು ಹಿಡಿಯಿತು. ಅವರಲ್ಲಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಸಂಘಸಂಸ್ಥೆ ಕಟ್ಟಿದವರು ಇದ್ದಾರೆ. ಆ ಪೀಳಿಗೆಯ ಯಾರನ್ನೇ ಮಾತಾಡಿಸಿದರೂ ಒಂದು ಮಾತು ಬರುತ್ತದೆ: ‘ಧಣಿ ಒಳ್ಳೆಯವರಿದ್ದರು, ಸಂಜೆ ಶಾಲೆಗೆ ಬಿಡುತ್ತಿದ್ದರು.’ ಸಂಜೆ ಗಿರಾಕಿ ತುಂಬಿರುವ ಹೊತ್ತಿಗೆ ಹುಡುಗನೊಬ್ಬನನ್ನು ಬಿಟ್ಟುಕೊಡುವುದು ಸಣ್ಣ ವಿಷಯವಲ್ಲ. ಇಂದಿನ ಭಾಷೆಯಲ್ಲಿ ಅದನ್ನು ‘ಸಪೋರ್ಟಿವ್ ವರ್ಕ್‌ಪ್ಲೇಸ್’ ಎನ್ನುತ್ತಾರೆ. ಆಗ ಅದಕ್ಕೆ ಹೆಸರಿರಲಿಲ್ಲ.

ಆದರೆ ಆ ವಾಕ್ಯವನ್ನು ಇನ್ನೊಮ್ಮೆ ಓದಿದರೆ ಅದರೊಳಗಿನ ಭಯ ಕಾಣುತ್ತದೆ. ಧಣಿ ಒಳ್ಳೆಯವನಲ್ಲದಿದ್ದರೆ? ಶಾಲೆಯ ಹೊತ್ತಿಗೆ ಸರಿಯಾಗಿ ಇನ್ನೆರಡು ಬಕೆಟ್ ಪಾತ್ರೆ ಮುಂದಿಟ್ಟರೆ? ಎಳೆಯ ಮಕ್ಕಳು ಹಗಲೆಲ್ಲ ದುಡಿಯುವುದೇ ತಪ್ಪು ಎಂಬ ಮಾತು ಹಾಗಿರಲಿ, ಓದಿ ಮೇಲೆ ಬಂದವರ ಹೆಸರು ಇತಿಹಾಸದಲ್ಲಿ ಉಳಿಯಿತು, ಧಣಿಯ ಮನಸ್ಸು ಕರಗದೆ ಅಲ್ಲೇ ಕಮರಿದವರ ಲೆಕ್ಕ ಯಾರ ಬಳಿಯೂ ಇಲ್ಲ. ಆ ಒಳ್ಳೆಯತನಕ್ಕೆ ಒಂದು ಗಡಿಯೂ ಇತ್ತು. ಅದು ಬಹುತೇಕ ಊರಿನವರಿಗೆ, ಜಾತಿಯವರಿಗೆ, ನೆಂಟರಿಗೆ ಹರಿಯಿತು. ಹೋಟೆಲಿನ ಆ ಏಣಿಯಲ್ಲಿ ಹೆಣ್ಣುಮಕ್ಕಳಿಗೆ ಜಾಗವೇ ಇರಲಿಲ್ಲ. ಅಡುಗೆ ಹೆಂಗಸರ ಕೆಲಸ ಎನ್ನುವ ಸಮಾಜ, ಸಂಬಳ ಸಿಗುವ ಅಡುಗೆಮನೆಯಿಂದ ಅವರನ್ನು ಹೊರಗಿಟ್ಟಿತು.

ಓದಿದವರ ಆಫೀಸುಗಳೂ ಧಣಿಯ ಮರ್ಜಿಯಿಂದ ಪಾರಾಗಿಲ್ಲ. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲೇ ಅದನ್ನು ಮುಂಬಯಿಯ ಕಂಪನಿಯೊಂದರೊಳಗೆ ಹೊಕ್ಕು ತೋರಿಸಿತು. ಬುದ್ಧಿವಂತ, ಕೆಲಸ ಬಲ್ಲ ನಾಗಪ್ಪ ಇದ್ದಕ್ಕಿದ್ದಂತೆ ಅಮಾನತಾಗುತ್ತಾನೆ. ತನ್ನ ತಪ್ಪೇನು ಎಂಬುದೇ ಅವನಿಗೆ ಸ್ಪಷ್ಟವಿಲ್ಲ. ಬಾಸ್ ಬದಲಾದ ಮೇಲೆ ಒಂದೇ ವರ್ಷದಲ್ಲಿ ‘ಅತ್ಯುತ್ತಮ’ದಿಂದ ‘ಸಾಧಾರಣ’ಕ್ಕೆ ಇಳಿದ ಐಟಿ ಉದ್ಯೋಗಿಗಳಿಗೆ ನಾಗಪ್ಪನ ಗಾಬರಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಗಿರಣಿಗಳ ಪಾಠ

ಹಾಗಾದರೆ ಎಲ್ಲವನ್ನೂ ನಿಯಮವಾಗಿ ಬರೆದುಬಿಟ್ಟರೆ ಸಾಕೇ? ಬೈಕುಲ್ಲಾದ ಸುತ್ತಲಿನ ಇನ್ನೊಂದು ಇತಿಹಾಸ ‘ಸಾಲದು’ ಎನ್ನುತ್ತದೆ.

ಬೈಕುಲ್ಲಾದಿಂದ ಪರೇಲ್‌ವರೆಗಿನ ಪ್ರದೇಶ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ನಾಡು. ಖಟಾವ್ ಮಿಲ್ ಇದ್ದದ್ದು ಬೈಕುಲ್ಲಾದಲ್ಲೇ. 1920ರ ದಶಕದಲ್ಲಿ ಮುಂಬಯಿ ಗಿರಣಿಗಳ ಕಾರ್ಮಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಹೆಂಗಸರು. ಅವರು ಹೆಚ್ಚಾಗಿ ನೂಲು ಸುತ್ತುವ ವೈಂಡಿಂಗ್ ಮತ್ತು ರೀಲಿಂಗ್ ವಿಭಾಗಗಳಲ್ಲಿದ್ದರು. ನೇಯ್ಗೆಗೆ, ಅಂದರೆ ಹೆಚ್ಚು ಸಂಬಳದ ಕೆಲಸಕ್ಕೆ, ಅವರಿಗೆ ಏಣಿ ಇರಲಿಲ್ಲ. ಮೂವತ್ತು ವರ್ಷ ದುಡಿದವಳೂ ಸೇರಿದ ಜಾಗದಲ್ಲೇ ಇರುತ್ತಿದ್ದಳು.

1929ರಲ್ಲಿ ಬಾಂಬೆ ಪ್ರಾಂತ್ಯ ದೇಶದಲ್ಲೇ ಮೊದಲಿಗೆ ಹೆರಿಗೆ ಭತ್ಯೆಯ ಕಾನೂನು ತಂದಿತು. ಹೆರಿಗೆಯ ಮುಂಚೆ, ನಂತರ ಕೆಲವು ವಾರ ರಜೆ ಮತ್ತು ಹಣ. ಕೇಳಿಕೊಂಡು ಬಂದ ಹಕ್ಕು, ನ್ಯಾಯವಾದ ಹಕ್ಕು. ಆದರೆ ಆ ಹಣ ಕೊಡಬೇಕಾದವನು ಗಿರಣಿಯ ಮಾಲೀಕ. ಹೆಂಗಸರ ರಾತ್ರಿ ದುಡಿಮೆಗೆ ನಿಷೇಧವೂ ಇತ್ತು. ಹೊಸ ಯಂತ್ರಗಳು ಬಂದು ಪಾಳಿಗಳು ಹೆಚ್ಚಾದಾಗ ಮಾಲೀಕರ ಲೆಕ್ಕ ಸರಳವಾಯಿತು: ಗಂಡಸಿಗೆ ಹೆರಿಗೆ ಭತ್ಯೆ ಇಲ್ಲ, ಅವನನ್ನು ರಾತ್ರಿ ಪಾಳಿಗೂ ಹಾಕಬಹುದು. ಹಳಬರು ಬಿಟ್ಟಂತೆಲ್ಲ ಹೊಸ ಹೆಂಗಸರನ್ನು ತೆಗೆದುಕೊಳ್ಳುವುದು ನಿಂತಿತು. 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡುವ ಹೊತ್ತಿಗೆ ಗಿರಣಿಯೊಳಗೆ ಹೆಂಗಸರು ಬೆರಳೆಣಿಕೆಯಷ್ಟಾಗಿದ್ದರು.

ಕೆಲಸ ಕಳೆದುಕೊಂಡ ಕುಟುಂಬಗಳ ಎಷ್ಟೋ ಹೆಂಗಸರು ಚಾಳ್‌ಗಳಲ್ಲಿ ಖಾನಾವಳಿ ನಡೆಸಿದರು. ಒಂದು ಕೋಣೆಯಲ್ಲಿ ಅಡುಗೆ ಮಾಡಿ ಹತ್ತಿಪ್ಪತ್ತು ಜನ ಕಾರ್ಮಿಕರಿಗೆ ಹಾಕುವುದು. 1975ರಲ್ಲಿ ಪ್ರೇಮಾ ಪುರವ್ ಕಟ್ಟಿದ ಅನ್ನಪೂರ್ಣಾ ಮಹಿಳಾ ಮಂಡಳ ಇಂಥವರಿಗೆ ಬ್ಯಾಂಕ್ ಸಾಲ ಕೊಡಿಸಿ ಬಡ್ಡಿ ವ್ಯವಹಾರದವರಿಂದ ಬಿಡಿಸಿತು. ಗಿರಣಿ ಕೊಡದ ಮೆಟ್ಟಿಲನ್ನು ಅವರು ತಾವೇ ಕಟ್ಟಿಕೊಳ್ಳಬೇಕಾಯಿತು.

ಈ ಇತಿಹಾಸದ ಪಾಠ ‘ಹೆರಿಗೆ ರಜೆ ಕೊಡಬಾರದು’ ಎಂಬುದಲ್ಲ. ಹಾಗೆ ಹೇಳುವ ಮಾಲೀಕರು ಈಗಲೂ ಇದ್ದಾರೆ. ಪಾಠ ಇಷ್ಟೇ: ಒಬ್ಬರನ್ನು ಒಳಗೊಳ್ಳುವ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಕೇಂದ್ರ ಸರ್ಕಾರಿ ನೌಕರರಿಗೆ 2008ರಿಂದ 180 ದಿನಗಳ ಹೆರಿಗೆ ರಜೆಯಿದೆ, ಮಕ್ಕಳ ಪಾಲನೆಗೆಂದು ಸೇವಾವಧಿಯಲ್ಲಿ 730 ದಿನಗಳ ರಜೆಯಿದೆ. ಈ ಸಂಬಳ ಬರುವುದು ಸರ್ಕಾರದ ಬೊಕ್ಕಸದಿಂದ, ಡಿಪೋದ ಮೇಲ್ವಿಚಾರಕನ ಜೇಬಿನಿಂದಲ್ಲ. ಖಾಸಗಿ ವಲಯಕ್ಕೆ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿತು. ಆದರೆ ಬಹುಪಾಲು ಭಾರ ಉಳಿದದ್ದು ಆಯಾ ಸಂಸ್ಥೆಯ ಮೇಲೇ. ಹತ್ತಿಪ್ಪತ್ತು ಜನರ ಸಣ್ಣ ಕಂಪನಿಯಲ್ಲಿ ಮದುವೆಯಾದ ಹುಡುಗಿಯ ಅರ್ಜಿ ಏಕೆ ಕೆಳಗೆ ಸರಿಯುತ್ತದೆ ಎಂದು ತಿಳಿಯಬೇಕಾದರೆ 1930ರ ದಶಕದ ಬೈಕುಲ್ಲಾವನ್ನು ನೆನೆಯಬೇಕು. ಈ ಖರ್ಚನ್ನು ಸಮಾಜವೇ, ವಿಮೆಯ ಮೂಲಕವೋ ತೆರಿಗೆಯ ಮೂಲಕವೋ, ಹೊರಬೇಕು. ಇಲ್ಲದಿದ್ದರೆ ಕಾನೂನು ಕೊಟ್ಟದ್ದನ್ನು ನೇಮಕಾತಿಯ ಕೋಣೆ ಸದ್ದಿಲ್ಲದೆ ಕಿತ್ತುಕೊಳ್ಳುತ್ತದೆ.

ಎಂಜಿನ್‌ನಲ್ಲಿಲ್ಲದ ಶೌಚಾಲಯ

ಹಾಗೆಂದು ರೈಲ್ವೆಯನ್ನು ಆದರ್ಶ ಎಂದು ಹೊಗಳಿ ಮುಗಿಸುವಂತಿಲ್ಲ. ದಶಕಗಳ ಕಾಲ ಭಾರತದ ರೈಲು ಎಂಜಿನ್‌ಗಳಲ್ಲಿ ಶೌಚಾಲಯವೇ ಇರಲಿಲ್ಲ. ಗಂಟೆಗಟ್ಟಲೆ ಓಡುವ ಗೂಡ್ಸ್ ಗಾಡಿಯ ಚಾಲಕರು ನಿಲ್ದಾಣ ಬರುವವರೆಗೆ ತಡೆದುಕೊಳ್ಳಬೇಕಿತ್ತು. ಗಂಡಸರು ಹೇಗೋ ದಾರಿ ಕಂಡುಕೊಂಡರು. ಹೆಂಗಸರು ಡ್ಯೂಟಿಗೆ ಮುನ್ನ ನೀರು ಕುಡಿಯುವುದನ್ನೇ ಬಿಟ್ಟರು. ಹೊಸ ಎಂಜಿನ್‌ಗಳಲ್ಲಿ ಈಗ ಶೌಚಾಲಯ ಬರುತ್ತಿದೆ, ಆದರೆ ನಿಧಾನವಾಗಿ. ಸುರೇಖಾ ಸೇರಿದಾಗ ದೇಶದಲ್ಲಿ ಒಬ್ಬರೇ ಇದ್ದ ಮಹಿಳಾ ಚಾಲಕರ ಸಂಖ್ಯೆ, ರೈಲ್ವೆ ಸಚಿವಾಲಯದ ಲೆಕ್ಕದಂತೆ, ಈಗ ಎರಡು ಸಾವಿರ ದಾಟಿದೆ. ಅವರಲ್ಲಿ ಹಲವರು ‘ಒಂದೋ ಸೌಕರ್ಯ ಸರಿಪಡಿಸಿ, ಇಲ್ಲವೇ ಬೇರೆ ಹುದ್ದೆ ಕೊಡಿ’ ಎಂದು ಮಂಡಳಿಗೆ ಮೊರೆಯಿಟ್ಟಿದ್ದಾರೆ.

ಇಲ್ಲೇ ‘ಮೊದಲಿಗರ’ ಕಥೆಯ ಅಪಾಯವೂ ಇದೆ. ಅಸಾಧಾರಣ ವ್ಯಕ್ತಿಯೊಬ್ಬರು ಎಲ್ಲ ಕಷ್ಟ ನುಂಗಿಕೊಂಡು ಗೆದ್ದಾಗ ಸಂಸ್ಥೆ ಅದನ್ನು ತನ್ನ ಗೆಲುವೆಂದು ಹೇಳಿಕೊಳ್ಳುತ್ತದೆ. ಮುಂದಿನವಳು ಶೌಚಾಲಯ ಕೇಳಿದರೆ ‘ಅವರು ಮಾಡಲಿಲ್ಲವೇ?’ ಎನ್ನುವ ಉತ್ತರ ಸಿಗುತ್ತದೆ. ಸಾಧಾರಣ ಸಾಮರ್ಥ್ಯದ ಗಂಡಸು ಸಲೀಸಾಗಿ ಮೂವತ್ತಾರು ವರ್ಷ ಪೂರೈಸಬಹುದಾದ ಕೆಲಸದಲ್ಲಿ ಸಾಧಾರಣ ಸಾಮರ್ಥ್ಯದ ಹೆಂಗಸೂ ಅಷ್ಟೇ ಸಲೀಸಾಗಿ ಪೂರೈಸುವಂತಾದಾಗ ಮಾತ್ರ ಅದು ಎಲ್ಲರ ಕೆಲಸದ ಜಾಗ. ವೀರಗಾಥೆಯ ಅಗತ್ಯವೇ ಬೀಳಬಾರದು. ಕರ್ನಾಟಕದ ಬಸ್ಸುಗಳಲ್ಲಿ ಮಹಿಳಾ ಕಂಡಕ್ಟರನ್ನು ಈಗ ಯಾರೂ ತಿರುಗಿ ನೋಡುವುದಿಲ್ಲ. ಸ್ಟೇರಿಂಗ್ ಹಿಡಿದವಳನ್ನು ಕಂಡರೆ ಮಾತ್ರ ಇನ್ನೂ ಮೊಬೈಲ್ ಎತ್ತುತ್ತಾರೆ. ಆ ಎರಡು ನೋಟಗಳ ನಡುವಿನ ಅಂತರವೇ ಇನ್ನೂ ಆಗಬೇಕಾದ ಕೆಲಸ.

2017ರ ಜುಲೈಯಲ್ಲಿ ಮಧ್ಯ ರೈಲ್ವೆ ಮಾಟುಂಗಾ ನಿಲ್ದಾಣವನ್ನು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೆ ವಹಿಸಿತು. ಲಿಮ್ಕಾ ದಾಖಲೆಗಳ ಪುಸ್ತಕದಲ್ಲೂ ಅದರ ಹೆಸರು ಸೇರಿತು. ಇದನ್ನು ಬರಿಯ ಪ್ರದರ್ಶನ ಎಂದು ಮೂಗು ಮುರಿದವರಿದ್ದಾರೆ. ಆದರೆ ಆ ನಿಲ್ದಾಣಕ್ಕೆ ಮುಖ್ಯಸ್ಥರಾದ ಮಮತಾ ಕುಲಕರ್ಣಿ 1992ರಲ್ಲೇ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿ ಸೇರಿದವರು. ಇಪ್ಪತ್ತೈದು ವರ್ಷ ಗಾಡಿಗಳನ್ನು ಬರಮಾಡಿ ಕಳಿಸಿದ ಅನುಭವ ಅವರ ಹಿಂದಿತ್ತು. ಇಂಥ ಇಪ್ಪತ್ತೈದು ವರ್ಷಗಳನ್ನು ಒಂದು ಆದೇಶದಿಂದ ಉಂಟುಮಾಡಲು ಬರುವುದಿಲ್ಲ. ಇಂದು ಸೇರಿಸಿಕೊಂಡು, ಕಲಿಸಿ, ಉಳಿಸಿಕೊಂಡರೆ 2050ಕ್ಕೆ ಸಿಗುತ್ತದೆ.

ಕಂಪನಿಗಳ ವಾರ್ಷಿಕ ವರದಿಗಳಲ್ಲಿ ಈಗ ‘ಡೈವರ್ಸಿಟಿ’ಗೆ ಒಂದು ಪುಟ ಮೀಸಲಿರುತ್ತದೆ. ಈ ವರ್ಷ ಎಷ್ಟು ಮಹಿಳೆಯರನ್ನು, ಎಷ್ಟು ಅಂಗವಿಕಲರನ್ನು ಸೇರಿಸಿಕೊಂಡೆವು ಎಂಬ ಲೆಕ್ಕ ಅದರಲ್ಲಿರುತ್ತದೆ. ಓದುವವರು ಬೇರೆ ಲೆಕ್ಕ ಕೇಳಬೇಕು. ಹತ್ತು ವರ್ಷದ ಹಿಂದೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದಿದ್ದಾರೆ? ಉಳಿದವರು ಎಷ್ಟು ಮೆಟ್ಟಿಲು ಏರಿದ್ದಾರೆ? ಮಗು ಹುಟ್ಟಿದ ಮೇಲೆ ಮರಳಿ ಬಂದವಳಿಗೆ ಹಳೆಯ ಸರದಿ ಸಿಕ್ಕಿತೇ, ಇಲ್ಲವೇ ಸಾಲಿನ ಕೊನೆಗೆ ನಿಂತಳೇ? ಬಡ್ತಿಯ ನಿಯಮ ಎಲ್ಲಿ ಬರೆದಿದೆ, ಅದನ್ನು ಅತಿ ಕಿರಿಯ ನೌಕರ ಓದಬಹುದೇ? ಕೆಲಸ ಹುಡುಕುವ ಹುಡುಗ ಹುಡುಗಿಯರು ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ?’ ಎಂದಾಗ ಸುಮ್ಮನೆ ತಲೆಯಾಡಿಸುವ ಬದಲು ಇದರಲ್ಲಿ ಒಂದನ್ನಾದರೂ ಕೇಳಬಹುದು.

ಬರೆದಿಟ್ಟ ಏಣಿ ಇರುವ ಕಡೆಯೂ ಅದರ ಬುಡಕ್ಕೇ ಬಾರದವರಿದ್ದಾರೆ. ರೈಲ್ವೆ ನಿಲ್ದಾಣಗಳನ್ನು ಗುಡಿಸಿ ಒರೆಸುವ ಕೆಲಸ ಈಗ ಬಹುತೇಕ ಗುತ್ತಿಗೆಯದು. ಆ ಕೆಲಸಕ್ಕೆ ಬರುವವರಲ್ಲಿ ಹೆಂಗಸರು ಬಹಳ. ಗುತ್ತಿಗೆದಾರ ಬದಲಾದಾಗ ಅವರ ಸೇವೆಯ ವರ್ಷಗಳು ಮತ್ತೆ ಸೊನ್ನೆಯಿಂದ ಆರಂಭವಾಗುತ್ತವೆ. ಸಹಾಯಕಿಯಾಗಿ ಸೇರಿದವಳು ರಾಜಧಾನಿ ಓಡಿಸಿ ನಿವೃತ್ತಳಾಗಬಹುದು. ಗುತ್ತಿಗೆಯಲ್ಲಿ ಪೊರಕೆ ಹಿಡಿದು ಸೇರಿದವಳು ಮೂವತ್ತಾರು ವರ್ಷ ದುಡಿದರೂ ಕೈಯಲ್ಲಿರುವುದು ಪೊರಕೆಯೇ.

ಯುನೆಸ್ಕೋ ಮೆಚ್ಚಿದ ಬೈಕುಲ್ಲಾದ ಆ ಹಳೆಯ ಕಟ್ಟಡವೂ ದಿನಾ ಬೆಳಗಾದರೆ ಯಾರೋ ಗುಡಿಸುವುದರಿಂದಲೇ ಚೊಕ್ಕಟವಾಗಿ ಉಳಿದಿದೆ. ಸುರೇಖಾ ಯಾದವರ ಮೂವತ್ತಾರು ವರ್ಷಗಳನ್ನು ನಿಜವಾಗಿ ಗೌರವಿಸಬೇಕೆಂದಿದ್ದರೆ, ಹಾಗೆ ಗುಡಿಸುವವರ ಹೆಸರೂ ಒಂದು ಸೇವಾ ಪುಸ್ತಕದಲ್ಲಿ ಬರೆದಿರಬೇಕು. ಆ ಪುಸ್ತಕದಲ್ಲಿ ಮುಂದಿನ ಪುಟವೊಂದು ಇರಬೇಕು.